ತೆಗೆಯುವ ಡಬ್ಬಿ, ಹಚ್ಚುವ ಡಬ್ಬಿ

(ಕಾರು ತೊಳೆಯುವ ಕೆಲಸ ಮಾಡುವ ಮಹಿಳೆಯೊಬ್ಬರು ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ನಾನು ಭಾಷಣ ಮಾಡುವವಳಲ್ಲ. ಕಾರು ತೊಳೆಯುವವಳು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನನ್ನ ಕೆಲಸ. ಬೆಳಿಗ್ಗೆ ಐದೂವರೆಗೆ ಹೋಗುತ್ತೇನೆ. ಒಂಬತ್ತು ಗಂಟೆಯೊಳಗೆ 8 ಕಾರು ಮುಗಿಸುತ್ತೇನೆ. ಆಮೇಲೆ ಎರಡು ಮನೆಯಲ್ಲಿ ಪಾತ್ರೆ, ನೆಲ. ನಿಮ್ಮಲ್ಲೂ ಕೆಲವರು ಇದೇ ಕೆಲಸ ಮಾಡುತ್ತೀರಿ. ಇನ್ನು ಕೆಲವರ ಮನೆಯಲ್ಲಿ ಗಂಡನೋ ಮಗನೋ ಟ್ಯಾಕ್ಸಿ ಓಡಿಸುತ್ತಾರೆ. ಅದಕ್ಕೇ ಟೀಚರಮ್ಮ ನನ್ನನ್ನು ಕರೆದು, "ನಿಮಗೆ ಗೊತ್ತಿರೋದನ್ನ ಇವರಿಗೂ ಹೇಳಿ" ಅಂದರು.

ಕಾರಿಗೆ ಪಾಲಿಶ್ ಹಾಕೋದರಲ್ಲಿ ಹೇಳೋಕೆ ಏನಿದೆ ಅಂತ ನಿಮಗೆ ಅನ್ನಿಸಬಹುದು. ಬಟ್ಟೆ ತಗೊಂಡು ತಿಕ್ಕಿದರೆ ಆಯಿತಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಅದರಿಂದ ನನ್ನ ಮೂರು ತಿಂಗಳ ಸಂಬಳ ಹೋಯಿತು. ಆ ಕತೆಯನ್ನೇ ಮೊದಲು ಹೇಳುತ್ತೇನೆ.

ಒಂದು ಭಾನುವಾರ

ಆಗ ನನಗೆ ಓದು ಬರುತ್ತಿರಲಿಲ್ಲ. ಒಬ್ಬ ಸಾಹೇಬರ ಕರಿ ಕಾರು ನಾನು ದಿನಾ ಒರೆಸುತ್ತಿದ್ದೆ. ಒಂದು ಭಾನುವಾರ ಅವರು ನನ್ನ ಕೈಗೆ ಎರಡು ಡಬ್ಬಿ ಕೊಟ್ಟರು. ಎರಡೂ ಒಂದೇ ಗಾತ್ರ. ಎರಡರ ಮೇಲೂ ಕಾರಿನ ಚಿತ್ರ. "ನೋಡಮ್ಮಾ, ಇದನ್ನ ಬಾಗಿಲ ಮೇಲಿನ ಗೀರಿಗೆ ಮಾತ್ರ ಹಾಕು. ಇನ್ನೊಂದನ್ನ ಇಡೀ ಕಾರಿಗೆ ಹಚ್ಚು. ಹೆಸರು ಮೇಲೇ ಬರೆದಿದೆ" ಅಂದರು. ಅಂದು ಹೊರಟು ಹೋದರು.

"ಸಾರ್, ನನಗೆ ಓದೋಕೆ ಬರೋದಿಲ್ಲ" ಅಂತ ನಾನು ಹೇಳಬೇಕಿತ್ತು. ನಾಚಿಕೆ ಆಯಿತು. "ಹೂಂ ಸಾರ್" ಅಂದುಬಿಟ್ಟೆ.

ಡಬ್ಬಿ ಎರಡನ್ನೂ ನೆಲದ ಮೇಲಿಟ್ಟು ಬಕೆಟ್ಟಿಗೆ ನೀರು ತರೋಕೆ ಹೋದೆ. ಬಂದು ನೋಡಿದರೆ ಯಾವುದು ಯಾವುದು ಅಂತ ಮರೆತೇಹೋಗಿತ್ತು. ಒಂದನ್ನು ಎತ್ತಿಕೊಂಡೆ. ಹಳೆಯ ಜೀನ್ಸ್ ಪ್ಯಾಂಟಿನ ತುಂಡು ಕೈಯಲ್ಲಿತ್ತು. ಕಾರು ಬಿಸಿಲಲ್ಲಿ ನಿಂತಿತ್ತು. ಮನೆಯಲ್ಲಿ ಹಿತ್ತಾಳೆ ಕೊಡವನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತೀವಲ್ಲ, ಅದೇ ಜೋರಿನಲ್ಲಿ ಬಾನೆಟ್ಟನ್ನು ತಿಕ್ಕಿದೆ. ರಟ್ಟೆ ನೋಯುವಷ್ಟು ತಿಕ್ಕಿದೆ. ಒಳ್ಳೆಯ ಕೆಲಸ ಮಾಡಿದೆ ಅಂತ ನನಗೆ ಸಂತೋಷವೂ ಆಯಿತು.

ಸಂಜೆ ಸಾಹೇಬರು ಬಂದು ನೋಡಿದರು. ಇಳಿ ಬಿಸಿಲು ಬಾನೆಟ್ಟಿನ ಮೇಲೆ ಬಿದ್ದಿತ್ತು. ಜೇಡರ ಬಲೆ ನೇಯ್ದ ಹಾಗೆ ಸುತ್ತ ಸುತ್ತ ಗೀರು. ಬಾನೆಟ್ಟಿನ ಅಂಚಿನಲ್ಲಿ ಒಂದು ಕಡೆ ಹೊಳಪೇ ಇಲ್ಲ. ಸ್ಲೇಟಿನ ಹಾಗೆ ಮಂಕು.

ಅವರು ಬೈಯಲಿಲ್ಲ. ಡಬ್ಬಿ ಎತ್ತಿ ತೋರಿಸಿ, "ಇಲ್ಲಿ ಬರೆದಿತ್ತಲ್ಲಮ್ಮಾ" ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಮೇಸ್ತ್ರಿ ಹೇಳಿದ ಪಾಠ

ಮಾರನೆಯ ದಿನ ಕಾರು ಗ್ಯಾರೇಜಿಗೆ ಹೋಯಿತು. ನನ್ನನ್ನೂ ಕರೆದುಕೊಂಡು ಹೋದರು. ಬಣ್ಣ ಹೊಡೆಯುವ ಮೇಸ್ತ್ರಿ ವಯಸ್ಸಾದವರು. ಅವರು ಬೆರಳಿನಿಂದ ಸವರಿ ನೋಡಿ ಹೇಳಿದರು: "ಈ ಅಂಚಿನಲ್ಲಿ ಮೇಲಿನ ಪದರ ಹೋಗಿದೆ. ಇವತ್ತಿಂದಲ್ಲ ಸಾರ್, ಮೊದಲೂ ಸುಮಾರು ಸಲ ತಿಕ್ಕಿಸಿದ್ದೀರಿ. ಈ ತಾಯಿ ತಿಕ್ಕಿದ್ದು ಕೊನೇದು ಅಷ್ಟೇ. ಇನ್ನು ಬಾನೆಟ್ಟಿಗೆ ಮತ್ತೆ ಬಣ್ಣ ಹೊಡೀಬೇಕು."

ಆದರೂ ದುಡ್ಡು ನನ್ನ ಸಂಬಳದಲ್ಲೇ ಹಿಡಿದರು. ಮೂರು ತಿಂಗಳು ಆ ಮನೆಯಿಂದ ಒಂದು ರೂಪಾಯಿ ಬರಲಿಲ್ಲ.

ನಾನು ಮೇಸ್ತ್ರಿಯನ್ನು ಕೇಳಿದೆ. "ಅಣ್ಣಾ, ಹಿತ್ತಾಳೆ ತಿಕ್ಕಿದರೆ ಹೊಳೆಯುತ್ತೆ. ಕಾರು ಯಾಕೆ ಹೀಗಾಯಿತು?" ಅಂತ.

ಅವರು ನಕ್ಕು ಹೇಳಿದರು: "ಹಿತ್ತಾಳೆ ಮೇಲೂ ಹಿತ್ತಾಳೆ, ಒಳಗೂ ಹಿತ್ತಾಳೆ. ಎಷ್ಟು ತಿಕ್ಕಿದರೂ ಹಿತ್ತಾಳೆಯೇ ಸಿಗುತ್ತೆ. ಕಾರು ಹಾಗಲ್ಲಮ್ಮಾ. ಅದು ಕಲಾಯಿ ಹಾಕಿದ ಪಾತ್ರೆ ಇದ್ದ ಹಾಗೆ. ಕಲಾಯಿ ಪಾತ್ರೆಯ ಒಳಗೆ ಮರಳು ಹಾಕಿ ತಿಕ್ಕುತ್ತೀಯಾ?"

ಅಕ್ಕಂದಿರೇ, ಆ ಒಂದು ಮಾತಿನಲ್ಲಿ ನನಗೆ ಎಲ್ಲ ಅರ್ಥವಾಯಿತು. ಕಲಾಯಿ ತಿಕ್ಕಿದರೆ ಕಲಾಯಿ ಹೋಗುತ್ತದೆ. ಬಂಗಾರದ ನೀರು ಹಾಕಿದ ಬಳೆ ತಿಕ್ಕಿದರೆ ಬಂಗಾರ ಹೋಗುತ್ತದೆ. ಕಾರಿನ ಬಣ್ಣವೂ ಹಾಗೇ.

ಈ ಪುಸ್ತಕದ ಒಂದು ಹಾಳೆ

ಕಾರಿನ ಮೈ ಉಕ್ಕಿನ ತಗಡು. ಅದರ ಮೇಲೆ ತುಕ್ಕು ಹಿಡಿಯದ ಹಾಗೆ ಒಂದು ಪದರ ಇರುತ್ತದೆ. ಅದರ ಮೇಲೆ ಪ್ರೈಮರ್. ಗೋಡೆಗೆ ಬಣ್ಣಕ್ಕಿಂತ ಮೊದಲು ಹೊಡೆಯುತ್ತಾರಲ್ಲ, ಅಂಥದ್ದು. ಅದರ ಮೇಲೆ ಬಣ್ಣ. ಎಲ್ಲಕ್ಕಿಂತ ಮೇಲೆ ಗಾಜಿನ ಹಾಗೆ ತಿಳಿಯಾದ ಒಂದು ಪದರ. ಅದಕ್ಕೆ ಕ್ಲಿಯರ್ ಕೋಟ್ ಅನ್ನುತ್ತಾರೆ. ಕಾರು ಹೊಳೆಯುವುದು ಈ ಪದರದಿಂದ.

ಇಷ್ಟೂ ಪದರ ಸೇರಿದರೆ ದಪ್ಪ ಎಷ್ಟು ಗೊತ್ತೇ? ನಿಮ್ಮ ಕೈಯಲ್ಲಿರುವ ಪುಸ್ತಕದ ಒಂದು ಹಾಳೆ ಹಿಡಿದು ನೋಡಿ. ಹೆಚ್ಚು ಕಡಿಮೆ ಅಷ್ಟೇ. 1 ಮಿಲಿಮೀಟರನ್ನು 10 ಭಾಗ ಮಾಡಿದರೆ, ಒಂದು ಭಾಗ, ಇಲ್ಲವೇ ಒಂದೂವರೆ ಭಾಗ. ಮೇಲಿನ ತಿಳಿ ಪದರವಂತೂ ಒಂದು ತಲೆಗೂದಲಿನಷ್ಟು ದಪ್ಪವೂ ಇರೋದಿಲ್ಲ. ಅಂಚಿನಲ್ಲಿ, ಮಡಿಕೆಯಲ್ಲಿ ಇನ್ನೂ ತೆಳು.

ಅಂದರೆ ನಾವು ಒರೆಸುವುದು ಲಕ್ಷಗಟ್ಟಲೆ ರೂಪಾಯಿಯ ಕಾರನ್ನಲ್ಲ. ಕೂದಲಿಗಿಂತ ತೆಳುವಾದ ಒಂದು ಪದರವನ್ನು. ಅದು ಹೋದರೆ ತಿಕ್ಕಿ ವಾಪಸ್ ತರೋಕೆ ಆಗೋದಿಲ್ಲ.

ಎರಡು ಡಬ್ಬಿ, ಎರಡು ಕೆಲಸ

ಅಂಗಡಿಯಲ್ಲಿ ಎಲ್ಲದಕ್ಕೂ ಪಾಲಿಶ್ ಅಂತಲೇ ಹೇಳುತ್ತಾರೆ. ನಾವು ಮೋಸ ಹೋಗುವುದು ಅಲ್ಲೇ. ಕೆಲಸ ಎರಡು ಬೇರೆ ಬೇರೆ.

ಒಂದು, ಪಾಲಿಶ್. ಇದರಲ್ಲಿ ಬಹಳ ನುಣ್ಣನೆಯ ಪುಡಿ ಇರುತ್ತದೆ. ಅದು ಮೇಲಿನ ಪದರವನ್ನು ಸ್ವಲ್ಪ ಸವೆಸುತ್ತದೆ. ಸುತ್ತ ಸವೆದಾಗ ಸಣ್ಣ ಗೀರು ಕಾಣೋದಿಲ್ಲ. ರಬ್ಬಿಂಗ್ ಕಾಂಪೌಂಡ್ ಅಂತ ಇನ್ನೊಂದಿದೆ. ಅದರ ಪುಡಿ ಇನ್ನೂ ಒರಟು. ನಾನು ಆವತ್ತು ಇಡೀ ಬಾನೆಟ್ಟಿಗೆ ಹಾಕಿದ್ದು ಅದನ್ನೇ.

ಎರಡು, ವ್ಯಾಕ್ಸ್. ಅಂದರೆ ಮೇಣ. ಇದು ಏನನ್ನೂ ತೆಗೆಯುವುದಿಲ್ಲ. ಮೇಲೆ ಒಂದು ತೆಳು ಹೊದಿಕೆ ಹೊದಿಸುತ್ತದೆ. ಮಳೆ, ಧೂಳು, ಹಕ್ಕಿ ಹಿಕ್ಕೆ ನೇರವಾಗಿ ಬಣ್ಣಕ್ಕೆ ತಾಗುವುದಿಲ್ಲ.

ಒಳ್ಳೆಯ ಮೇಣದಲ್ಲಿ ಕಾರ್ನೌಬ ಅನ್ನುವುದು ಸೇರಿರುತ್ತದೆ. ದೂರದ ಬ್ರೆಜಿಲ್ ದೇಶದಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಮರದ ಮೇಣ ಅದು. ಬಿಸಿಲಿಗೆ ಒಣಗದಿರಲಿ ಅಂತ ಆ ಮರದ ಗರಿಯ ಮೇಲೆ ತಾನಾಗಿಯೇ ಮೇಣ ಕಟ್ಟುತ್ತದೆ. ಗರಿ ಕಡಿದು ಒಣಗಿಸಿ ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಅದನ್ನು ಕರಗಿಸಿ ಸೋಸುತ್ತಾರೆ. ಜೇನುಮೇಣಕ್ಕಿಂತ ಅದು ಬಹಳ ಗಟ್ಟಿ. 80 ಡಿಗ್ರಿ ಬಿಸಿ ದಾಟಿದ ಮೇಲೇ ಕರಗುತ್ತದೆ. ಮರದ ಎಲೆಯನ್ನು ಕಾಯುವ ಮೇಣ ಕಾರನ್ನೂ ಕಾಯುತ್ತದೆ.

ಆದ್ದರಿಂದ ಡಬ್ಬಿ ಕೈಗೆ ಬಂದ ಕೂಡಲೇ ಒಂದೇ ಪ್ರಶ್ನೆ ಕೇಳಿ. ಇದು ತೆಗೆಯುತ್ತದೋ, ಹಚ್ಚುತ್ತದೋ? ಹಚ್ಚುವುದು ತಪ್ಪಾದರೆ ಒರೆಸಿ ಮತ್ತೆ ಹಚ್ಚಬಹುದು. ತೆಗೆದದ್ದು ತಪ್ಪಾದರೆ ವಾಪಸ್ ಬರುವುದಿಲ್ಲ.

ಡಬ್ಬಿಯ ಮೇಲೆ ಬಹಳ ಸಲ ಇಂಗ್ಲಿಷ್ ಮಾತ್ರ ಇರುತ್ತದೆ. ನಮಗೆ ಬರುವುದು ಕನ್ನಡ. ಏನು ಮಾಡೋದು? ನಾನು ಅಂಗಡಿಯವರ ಹತ್ತಿರ, ಇಲ್ಲವೇ ಕಾರಿನವರ ಹತ್ತಿರ ಓದಿಸುತ್ತೇನೆ. ಅಲ್ಲೇ ನಿಂತು ಒಂದು ಚೀಟಿಯಲ್ಲಿ ನನ್ನ ಕೈಯಾರೆ ಕನ್ನಡದಲ್ಲಿ ಬರೆಯುತ್ತೇನೆ. ಒಂದರ ಮೇಲೆ "ತೆಗೆಯುವುದು". ಇನ್ನೊಂದರ ಮೇಲೆ "ಹಚ್ಚುವುದು". ಚೀಟಿಯನ್ನು ಡಬ್ಬಿಗೆ ಅಂಟಿಸುತ್ತೇನೆ. ಮುಚ್ಚಳಕ್ಕೆ ಅಂಟಿಸಬೇಡಿ. ಮುಚ್ಚಳ ಅದಲು ಬದಲಾಗುತ್ತದೆ.

ಇಂಗ್ಲಿಷಿನಲ್ಲಿ ವ್ಯಾಕ್ಸ್ ಅನ್ನೋದಕ್ಕೆ ಮೂರೇ ಅಕ್ಷರ. ಕೊನೆಯ ಅಕ್ಷರ ಎರಡು ಕಡ್ಡಿಯನ್ನು ಅಡ್ಡಡ್ಡ ಇಟ್ಟ ಹಾಗೆ, ತಪ್ಪು ಗುರುತಿನ ಹಾಗೆ ಇರುತ್ತದೆ. ಅದನ್ನು ನಾನು ಗುರುತು ಹಿಡಿಯುತ್ತೇನೆ. ಆದರೂ ಕೇಳಿಯೇ ಕೇಳುತ್ತೇನೆ. ಯಾಕೆಂದರೆ ಕೆಲವು ಡಬ್ಬಿಯಲ್ಲಿ ಪುಡಿ ಮತ್ತು ಮೇಣ ಎರಡೂ ಬೆರೆತಿರುತ್ತವೆ.

ಮೊದಲು ನೋಡಿ, ಬರೆದುಕೊಳ್ಳಿ

ಈಗ ಕೆಲಸಕ್ಕೆ ಬರೋಣ. ಬಟ್ಟೆ ಮುಟ್ಟುವ ಮೊದಲು ಕಾರಿನ ಸುತ್ತ ಒಂದು ಸುತ್ತು ಬನ್ನಿ. ಎಲ್ಲಿ ಗೀರಿದೆ, ಎಲ್ಲಿ ತಗ್ಗಾಗಿದೆ ನೋಡಿ. ನಿಮ್ಮ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ. "ಎಡಗಡೆ ಹಿಂದಿನ ಬಾಗಿಲು, ಉದ್ದ ಗೀರು, ಮೊದಲೇ ಇತ್ತು." ಇಷ್ಟು ಸಾಕು. ಕಾರಿನವರಿಗೆ ತೋರಿಸಿ. ಬೇರೆಯವರು ಮಾಡಿದ ಗೀರು ನಿಮ್ಮ ತಲೆಗೆ ಬರುವುದಿಲ್ಲ.

ಗೀರಿನ ಮೇಲೆ ಉಗುರನ್ನು ಅಡ್ಡವಾಗಿ ಮೆಲ್ಲಗೆ ಆಡಿಸಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ ಅಂತ ಅರ್ಥ. ಅದು ಪಾಲಿಶಿಗೆ ಹೋಗುವುದಿಲ್ಲ. "ಇದು ನನ್ನ ಕೈಯಲ್ಲಿ ಆಗೋದಿಲ್ಲ ಸಾರ್, ಗ್ಯಾರೇಜಿಗೆ ತೋರಿಸಿ" ಅಂತ ಹೇಳಿಬಿಡಿ. ಹೀಗೆ ಹೇಳೋದರಲ್ಲಿ ನಾಚಿಕೆ ಏನೂ ಇಲ್ಲ.

ಹೊಸದಾಗಿ ಬಣ್ಣ ಹೊಡೆಸಿದ ಕಾರಿಗೆ ಕೂಡಲೇ ಮೇಣ ಹಚ್ಚಬೇಡಿ. ಬಣ್ಣ ಒಳಗಿನಿಂದ ಪೂರಾ ಒಣಗಬೇಕು. ಎಷ್ಟು ದಿನ ಬಿಡಬೇಕು ಅಂತ ಬಣ್ಣ ಹೊಡೆದವರನ್ನೇ ಕೇಳಿ. ಸಾಮಾನ್ಯವಾಗಿ ಒಂದು ತಿಂಗಳಾದರೂ ಬಿಡುತ್ತಾರೆ. ಹೊಳಪಿಲ್ಲದ ಬಣ್ಣದ ಕಾರು ಕೆಲವು ಬಂದಿವೆ. ಮ್ಯಾಟ್ ಅನ್ನುತ್ತಾರೆ. ಅವಕ್ಕೆ ಪಾಲಿಶೂ ಬೇಡ, ಈ ಮೇಣವೂ ಬೇಡ. ಬಣ್ಣದ ಮೇಲೆ ಬೇರೆ ಕೋಟಿಂಗ್ ಮಾಡಿಸಿದ ಕಾರಾದರೂ ಮೊದಲು ಕೇಳಿಕೊಳ್ಳಿ.

ಇನ್ನೊಂದು ನೋಡುವುದಿದೆ. ನಮ್ಮ ಮೈ. ಕೈಬಳೆ, ಉಂಗುರ, ಸೆರಗಿಗೆ ಹಾಕಿದ ಪಿನ್ನು, ಸೊಂಟಕ್ಕೆ ಸಿಕ್ಕಿಸಿದ ಕೀಲಿ. ಬಾನೆಟ್ಟಿನ ಮೇಲೆ ಬಗ್ಗಿದಾಗ ಇವೆಲ್ಲ ಗೀರುತ್ತವೆ. ಉಂಗುರ, ಪಿನ್ನು, ಕೀಲಿ ತೆಗೆದಿಡಿ. ಬಳೆ ತೆಗೆಯೋಕೆ ಮನಸ್ಸಿಲ್ಲದಿದ್ದರೆ ಮೇಲೆ ಸರಿಸಿ ಬಟ್ಟೆ ಸುತ್ತಿಕೊಳ್ಳಿ. ಸರ ಜೋತಾಡುತ್ತಿದ್ದರೆ ರವಿಕೆಯೊಳಗೆ ಸೇರಿಸಿ.

ಗೀರುವುದು ಬಟ್ಟೆಯಲ್ಲ, ಮಣ್ಣು

ಕಾರಿಗೆ ಗೀರು ಬೀಳುವುದು ಹೆಚ್ಚಾಗಿ ದಿನನಿತ್ಯದ ಒರೆಸುವಿಕೆಯಲ್ಲೇ. ಧೂಳು ಅಂದರೆ ಸಣ್ಣ ಕಲ್ಲು ತಾನೇ? ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಆ ಕಲ್ಲನ್ನೇ ಬಣ್ಣದ ಮೇಲೆ ಎಳೆದ ಹಾಗೆ. ಒಂದೇ ಬಕೆಟ್ ನೀರಿನಲ್ಲಿ ಎಂಟು ಕಾರು ಒರೆಸಿದರೆ, ಮೊದಲ ಕಾರಿನ ಮಣ್ಣು ಎಂಟನೆಯ ಕಾರನ್ನು ಗೀರುತ್ತದೆ. ನಾನು ವರ್ಷಗಟ್ಟಲೆ ಹಾಗೇ ಮಾಡಿದ್ದೆ.

ಈಗ ಹೀಗೆ ಮಾಡುತ್ತೇನೆ. ಕಾರು ನೆರಳಲ್ಲಿರಬೇಕು. ಮೈ ತಣ್ಣಗಿರಬೇಕು. ಮೊದಲು ನೀರು ಹಾಕಿ ಮಣ್ಣು ನೆನೆಸಿ ಇಳಿಸುತ್ತೇನೆ. ಎರಡು ಬಕೆಟ್ ಇಡುತ್ತೇನೆ. ಒಂದರಲ್ಲಿ ಕಾರಿನ ಶಾಂಪೂ ನೀರು. ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಶಾಂಪೂ ನೀರಲ್ಲಿ ಅದ್ದಿ ಒರೆಸುತ್ತೇನೆ. ಬರೀ ನೀರಲ್ಲಿ ಜಾಲಾಡಿ ಮಣ್ಣು ಬಿಡಿಸುತ್ತೇನೆ. ಆಮೇಲೆ ಮತ್ತೆ ಶಾಂಪೂ ನೀರು. ಮೇಲಿನಿಂದ ಕೆಳಕ್ಕೆ ಬರುತ್ತೇನೆ. ಮೊದಲು ಟಾಪು, ಆಮೇಲೆ ಗಾಜು, ಬಾನೆಟ್ಟು, ಬಾಗಿಲು. ಚಕ್ರ ಕೊನೆಗೆ. ಚಕ್ರದ ಬಟ್ಟೆಯೇ ಬೇರೆ. ಅದಕ್ಕೆ ಗಂಟು ಹಾಕಿ ಗುರುತು ಮಾಡಿದ್ದೇನೆ.

ಬಟ್ಟೆ ಮೈಕ್ರೋಫೈಬರ್ ಆಗಿರಲಿ. ಅದರ ಎಳೆ ಕೂದಲಿಗಿಂತ ಎಷ್ಟೋ ಸಣ್ಣ. ಮಣ್ಣನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂಚಿನಲ್ಲಿ ಹೊಲಿದ ಚೀಟಿ ಇದ್ದರೆ ಕತ್ತರಿಸಿ ತೆಗೆಯಿರಿ. ಎರಡು ಸಲ ಮಡಚಿದರೆ 8 ಮುಖ ಸಿಗುತ್ತದೆ. ಒಂದು ಮುಖ ಕೊಳೆಯಾದರೆ ಇನ್ನೊಂದು ಮುಖ ತಿರುಗಿಸಿ. ಬಟ್ಟೆ ನೆಲಕ್ಕೆ ಬಿದ್ದರೆ, ಒಗೆಯುವ ತನಕ ಮತ್ತೆ ಕಾರಿಗೆ ಮುಟ್ಟಿಸಬೇಡಿ. ಕೊಡವಿದರೆ ಸಾಲದು. ಈ ಬಟ್ಟೆಯನ್ನು ಮನೆ ಬಟ್ಟೆ ಜೊತೆ ಒಗೆಯಬೇಡಿ. ಬ್ಲೀಚಿಂಗ್ ಪುಡಿ ಹಾಕಬೇಡಿ.

ಪಾತ್ರೆ ತೊಳೆಯುವ ಸೋಪು, ಬಟ್ಟೆ ಸೋಪಿನ ಪುಡಿ ಬೇಡ. ಒಂದು ಸಲ ಹಾಕಿದರೆ ಬಣ್ಣ ಹೋಗೋದಿಲ್ಲ, ಆದರೆ ಹಚ್ಚಿದ ಮೇಣ ಹೋಗುತ್ತದೆ. ಕರಗದ ಪುಡಿ ಗೀರುತ್ತದೆ.

ಕಾಗೆ, ಪಾರಿವಾಳದ ಹಿಕ್ಕೆ ಒಣಗಿದ್ದರೆ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹೊದಿಸಿಡಿ. ನೆನೆದ ಮೇಲೆ ಮೆಲ್ಲಗೆ ಎತ್ತಿ ತೆಗೆಯಿರಿ. ನಾಳೆ ತೆಗೆದರಾಯಿತು ಅನ್ನಬೇಡಿ. ಬಿಸಿಲಿಗೆ ಅದು ಬಣ್ಣವನ್ನು ತಿನ್ನುತ್ತದೆ.

ಬೋರ್‌ವೆಲ್ ನೀರು ಕಾರಿನ ಮೇಲೇ ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ತೊಳೆದ ಕೂಡಲೇ ಒಣ ಮೈಕ್ರೋಫೈಬರ್ ಬಟ್ಟೆಯಿಂದ ನೀರು ಒತ್ತಿ ತೆಗೆಯಿರಿ.

ನೀರಿನ ಮಾತು ಬಂತು. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಿತ್ತಲ್ಲ, ಆಗ ಜಲಮಂಡಳಿಯವರು ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದು ಅಂತ ಆದೇಶ ಮಾಡಿದರು. ತಪ್ಪಿದರೆ 5,000 ರೂಪಾಯಿ ದಂಡ. ನಾವೇ ಎರಡು ಕೊಡ ನೀರಿಗೆ ಸಾಲು ನಿಂತವರು. ಕುಡಿಯುವ ನೀರನ್ನು ಕಾರಿಗೆ ಸುರಿಯೋಕೆ ನಮಗೂ ಮನಸ್ಸು ಬರೋದಿಲ್ಲ. ಮಳೆ ನೀರು ಹಿಡಿದಿಟ್ಟರೆ ಒಳ್ಳೆಯದು. ಅದರಲ್ಲಿ ಬಿಳಿ ಕಲೆ ಉಳಿಯುವುದೂ ಕಡಿಮೆ. ನೀರು ಕಡಿಮೆ ಇದ್ದ ದಿನ ಸ್ಪ್ರೇ ಬಾಟಲಿಯಿಂದ ಚೆನ್ನಾಗಿ ನೆನೆಸಿ ಒರೆಸಿ. ಕೆಸರು ಮೆತ್ತಿದ್ದರೆ ಆ ದಿನ ಒರೆಸದೆ ಬಿಡುವುದೇ ಮೇಲು. ಒಣ ಬಟ್ಟೆ ಮಾತ್ರ ಎಳೆಯಬೇಡಿ.

ಪಾಲಿಶ್ ಬೇಕಾದರೆ ಮಾತ್ರ

ತೊಳೆದು ಒಣಗಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಕಾರಿನ ಮೈ ಸವರಿ. ಬರಿಗೈಗೆ ತಿಳಿಯದ ತರಿ ಹೀಗೆ ತಿಳಿಯುತ್ತದೆ. ತರಿ ಇದ್ದರೆ ಅದರ ಮೇಲೆ ಪಾಲಿಶ್ ತಿಕ್ಕಬೇಡಿ. ಮತ್ತೆ ತೊಳೆಯಿರಿ. ಆಗಲೂ ಹೋಗದಿದ್ದರೆ ಕಾರಿನವರಿಗೆ ಹೇಳಿ. ಅದನ್ನು ತೆಗೆಯೋಕೆ ಮೆತ್ತನೆಯ ಜೇಡಿಯಂಥ ಒಂದು ವಸ್ತು ಅಂಗಡಿಯಲ್ಲಿ ಸಿಗುತ್ತದೆ.

ಮೈ ನುಣ್ಣಗಿದೆ, ಬಣ್ಣ ಮಂಕಾಗಿಲ್ಲ ಅಂದರೆ ಪಾಲಿಶ್ ಬೇಡವೇ ಬೇಡ. ಸೀದಾ ಮೇಣಕ್ಕೆ ಹೋಗಿ. ಬಣ್ಣ ಮಂಕಾಗಿದ್ದರೆ, ಸಣ್ಣ ಗೀರು ತುಂಬ ಇದ್ದರೆ ಮಾತ್ರ ಪಾಲಿಶ್. ಅದೂ ವರ್ಷಕ್ಕೆ ಒಂದು ಸಲ ಸಾಕು.

ಎಲ್ಲಕ್ಕಿಂತ ನುಣುಪಾದ ಪಾಲಿಶಿನಿಂದ ಶುರು ಮಾಡಿ. ಕೆಳಗಡೆ ಕಾಣದ ಜಾಗದಲ್ಲಿ ಅಂಗೈಯಷ್ಟು ಹಚ್ಚಿ ನೋಡಿ. ಹಳೆಯ ಕೆಲವು ಕಾರಿಗೆ ತಿಳಿ ಪದರ ಇರೋದಿಲ್ಲ. ಆಗ ಕಾರಿನ ಬಣ್ಣವೇ ಬಟ್ಟೆಗೆ ಹತ್ತುತ್ತದೆ. ಅಂಥ ಕಡೆ ಕೈ ಇನ್ನೂ ಹಗುರವಿರಲಿ.

ಬಾಗಿಲಿನ ಅಂಚು, ಮಡಿಕೆ, ಕರಿ ಪ್ಲಾಸ್ಟಿಕ್ ಇರುವ ಕಡೆ ಬಣ್ಣದವರು ಹಚ್ಚುವ ಕಾಗದದ ಟೇಪು ಹಚ್ಚಿಕೊಳ್ಳಿ. ಸ್ಪಂಜಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಪಾಲಿಶ್ ತೆಗೆದುಕೊಳ್ಳಿ. ಒಂದು ಮೊಳ ಉದ್ದ, ಒಂದು ಮೊಳ ಅಗಲ ಜಾಗ ಮಾಡಿ, ಆಮೇಲೆ ಮುಂದಕ್ಕೆ ಹೋಗಿ. ಬೆರಳ ತುದಿಯಲ್ಲಿ ಒತ್ತಬೇಡಿ. ಅಂಗೈ ಪೂರಾ ಊರಿ, ಮಗುವಿನ ಬೆನ್ನಿಗೆ ಎಣ್ಣೆ ಹಚ್ಚುವಷ್ಟೇ ಭಾರ ಇರಲಿ. ಮುಗಿದ ಮೇಲೆ ಬೇರೆ ಬಟ್ಟೆಯಿಂದ ಪೂರಾ ಒರೆಸಿ ತೆಗೆಯಿರಿ.

ತಿರುಗುವ ಮಿಷನ್ ಕೊಟ್ಟರೆ, ಕಲಿಯದೆ ಮುಟ್ಟಬೇಡಿ. ಒಂದೇ ಕಡೆ ನಿಂತರೆ ಬಿಸಿಯಾಗಿ ಬಣ್ಣ ಸುಡುತ್ತದೆ.

ಮೇಣ ಹಚ್ಚುವ ಕ್ರಮ

ಮೇಣಕ್ಕೂ ನೆರಳು ಬೇಕು. ಬಿಸಿ ಬಾನೆಟ್ಟಿಗೆ ಹಚ್ಚಿದರೆ ಕೂಡಲೇ ಒಣಗಿ ಅಂಟಿಕೊಳ್ಳುತ್ತದೆ. ಒರೆಸೋಕೆ ತಿಕ್ಕಬೇಕಾಗುತ್ತದೆ. ತಿಕ್ಕಿದರೆ ಮತ್ತೆ ಗೀರು.

ಹೊಸ ಸ್ಪಂಜಿನಿಂದ ತೆಳ್ಳಗೆ ಹಚ್ಚಿ. ದಪ್ಪ ಹಚ್ಚಿದರೆ ಹೆಚ್ಚು ದಿನ ಬರುತ್ತದೆ ಅನ್ನೋದು ಸುಳ್ಳು. ಹೆಚ್ಚಾದದ್ದೆಲ್ಲ ಒರೆಸುವಾಗ ಬಟ್ಟೆಗೇ ಹೋಗುತ್ತದೆ. ಗಾಜಿಗೆ, ಕರಿ ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ. ಪ್ಲಾಸ್ಟಿಕ್ಕಿನಲ್ಲಿ ಬಿಳಿ ಕಲೆ ನಿಲ್ಲುತ್ತದೆ.

ಎಷ್ಟು ಹೊತ್ತು ಬಿಡಬೇಕು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಅದನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಮೇಣ ಮಂಜು ಕವಿದ ಹಾಗೆ ಬೆಳ್ಳಗಾದಾಗ ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಂದರೆ ಒರೆಸಬಹುದು. ಮೆತ್ತಿಕೊಂಡರೆ ಇನ್ನೂ ಸ್ವಲ್ಪ ಬಿಡಿ. ಮೆತ್ತನೆಯ ಒಣ ಬಟ್ಟೆಯಿಂದ ಹಗುರವಾಗಿ ಒರೆಸಿ.

ಮೇಣ ಇದೆಯೋ ಹೋಗಿದೆಯೋ ಹೇಗೆ ತಿಳಿಯೋದು? ನೀರು ಚಿಮುಕಿಸಿ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಮುತ್ತು ಮುತ್ತಾಗಿ ನಿಂತರೆ ಮೇಣ ಇದೆ. ಹರಡಿಕೊಂಡು ಚಪ್ಪಟೆಯಾದರೆ ಮೇಣ ಹೋಗಿದೆ. ಬಿಸಿಲು ಮಳೆಗೆ ನಿಲ್ಲುವ ಕಾರಿಗೆ ಎರಡು ಮೂರು ತಿಂಗಳಿಗೆ ಒಮ್ಮೆ ಹಚ್ಚಬೇಕಾಗುತ್ತದೆ.

ಯಾರು ಹೇಳಿದರೂ ಇವನ್ನು ಹಾಕಬೇಡಿ

ಹೊಳಪು ಬರುತ್ತೆ ಅಂತ ಸೀಮೆಎಣ್ಣೆ, ಡೀಸೆಲ್ ಬಟ್ಟೆಯಲ್ಲಿ ಒರೆಸುವವರಿದ್ದಾರೆ. ಒಂದು ಗಳಿಗೆ ಹೊಳೆಯುತ್ತದೆ. ಆಮೇಲೆ ಧೂಳು ಹಿಡಿಯುತ್ತದೆ. ರಬ್ಬರ್ ಹಾಳಾಗುತ್ತದೆ. ಬೆಂಕಿಯ ಭಯ ಬೇರೆ. ತೆಂಗಿನೆಣ್ಣೆಯೂ ಧೂಳು ಹಿಡಿಯುತ್ತದೆ. ಟೂತ್‌ಪೇಸ್ಟಿನಲ್ಲಿ ಸವೆಸುವ ಪುಡಿ ಇರುತ್ತದೆ. ಅದು ಎಷ್ಟು ಒರಟು ಅಂತ ಯಾರಿಗೂ ಗೊತ್ತಿರೋದಿಲ್ಲ. ಪಾತ್ರೆ ತಿಕ್ಕುವ ನಾರು, ಸ್ಟೀಲ್ ಸ್ಕ್ರಬ್ಬರ್ ಕಾರಿನ ಹತ್ತಿರವೂ ಬೇಡ.

ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಪಾಲಿಶ್ ಮಾಡುವಾಗ ಕೈಗವಸು ಹಾಕಿಕೊಳ್ಳಿ. ನೆಲಮಾಳಿಗೆಯಲ್ಲಿ ಗಾಳಿ ಆಡುವ ಕಡೆ ಕೆಲಸ ಮಾಡಿ. ಕೈ ತೊಳೆಯದೆ ಎಲೆ ಅಡಿಕೆ ಬಾಯಿಗೆ ಹಾಕಬೇಡಿ. ಪಾಲಿಶ್ ಬಟ್ಟೆಯನ್ನು ಒಲೆಯ ಹತ್ತಿರ ಒಣಗಿಸಬೇಡಿ. ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ.

ಇದು ಕಲಿತ ಕೆಲಸ

ಕೊನೆಗೆ ಒಂದು ಮಾತು. ದಿನಾ ಒರೆಸೋದು ಬೇರೆ. ಮೇಣ ಹಚ್ಚೋದು ಬೇರೆ. ಒಂದು ಕಾರಿಗೆ ಸರಿಯಾಗಿ ಮೇಣ ಹಚ್ಚೋಕೆ ಎರಡು ಮೂರು ಗಂಟೆ ಬೇಕು. ತಿಂಗಳ ಸಂಬಳದಲ್ಲೇ ಇದನ್ನೂ ಮಾಡಿಸಿಕೊಳ್ಳೋಕೆ ನೋಡುತ್ತಾರೆ. ಮೊದಲೇ ಮಾತಾಡಿ. ಎಷ್ಟು ದುಡ್ಡು, ಡಬ್ಬಿ ಬಟ್ಟೆ ಯಾರು ತರಬೇಕು, ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿ. ನಾನು ಈಗ ಮೂರು ಕಾರಿಗೆ ಮೇಣ ಹಚ್ಚುತ್ತೇನೆ. ಅದಕ್ಕೆ ಬೇರೆ ದುಡ್ಡು ತಗೊಳ್ಳುತ್ತೇನೆ. ಯಾವ ಕಾರಿಗೆ ಯಾವ ತಾರೀಖು ಹಚ್ಚಿದೆ ಅಂತ ನನ್ನ ಪುಸ್ತಕದಲ್ಲಿದೆ.

ಆ ಕರಿ ಕಾರಿನ ಸಾಹೇಬರು ಏನಾದರು ಅಂತ ಕೇಳುತ್ತೀರಾ? ಆವತ್ತಿನಿಂದ ಅವರು ನನಗೆ ಡಬ್ಬಿ ಕೊಟ್ಟಿರಲಿಲ್ಲ. ನಾನು ಈ ಕೇಂದ್ರಕ್ಕೆ ಸೇರಿದೆ. ಒಂದು ವರ್ಷ ಕಳೆಯಿತು. ಹೋದ ದೀಪಾವಳಿಗೆ ಅವರೇ ಡಬ್ಬಿ ಹಿಡಿದುಕೊಂಡು ಬಂದರು. "ಕಾರಿಗೆ ಮೇಣ ಹಚ್ಚಬೇಕಮ್ಮಾ, ಮಾಡ್ತೀಯಾ?" ಅಂದರು.

ನಾನು ಡಬ್ಬಿ ತಿರುಗಿಸಿ ನೋಡಿದೆ. ಮೂರು ಅಕ್ಷರದ ಆ ಪದ ಎಲ್ಲೂ ಕಾಣಲಿಲ್ಲ. "ಸಾರ್, ಇದರ ಹೆಸರು ಓದಿ ಹೇಳಿ" ಅಂದೆ. ಅವರು ಓದಿದರು. ಅದು ಕಾಂಪೌಂಡ್. "ಇದು ತೆಗೆಯೋ ಡಬ್ಬಿ ಸಾರ್. ನಿಮ್ಮ ಕಾರಿಗೆ ಈಗ ತೆಗೆಯೋದು ಏನೂ ಬೇಡ. ಹಚ್ಚೋ ಡಬ್ಬಿ ತನ್ನಿ" ಅಂದೆ.

ಅವರು ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದರು. ಆಮೇಲೆ ಅಂಗಡಿಗೆ ವಾಪಸ್ ಹೋದರು.

ಅಕ್ಕಂದಿರೇ, ಗೊತ್ತಿಲ್ಲದಿದ್ದಾಗ "ಹೂಂ" ಅನ್ನಬೇಡಿ. "ಓದಿ ಹೇಳಿ" ಅನ್ನಿ. ಓದು ಬಂದ ಮೇಲೆ ಓದಿಯೇ ಕೈ ಹಾಕಿ. ನಾನು ಕಲಿತದ್ದು ಇಷ್ಟು.

ಮಾತಾಡೋಣ, ಬರೆಯೋಣ

1. ಹಿತ್ತಾಳೆ ಕೊಡ ತಿಕ್ಕುವುದಕ್ಕೂ ಕಾರು ಒರೆಸುವುದಕ್ಕೂ ಏನು ವ್ಯತ್ಯಾಸ?

2. ಪಾಲಿಶ್ ಏನು ಮಾಡುತ್ತದೆ? ಮೇಣ ಏನು ಮಾಡುತ್ತದೆ?

3. "ಓದೋಕೆ ಬರೋದಿಲ್ಲ" ಅಂತ ಹೇಳಲು ನಾಚಿಕೆಯಾಗಿ ನಿಮಗೆ ನಷ್ಟವಾದದ್ದು ಇದೆಯೇ? ಗುಂಪಿನಲ್ಲಿ ಹೇಳಿ.

4. ನಿಮ್ಮ ಮನೆಯಲ್ಲಿ ಒಂದೇ ಥರ ಕಾಣುವ ಎರಡು ಡಬ್ಬಿ ಅಥವಾ ಬಾಟಲಿ ಯಾವುವು? ಅವುಗಳ ಹೆಸರನ್ನು ಚೀಟಿಯಲ್ಲಿ ಬರೆದು ಅಂಟಿಸಿ.